ಬೋರಕ್ಕನ ಎಡಗೈ ಕಿರುಬೆರಳು

ಒಂದಾನೊಂದು ಕಾಲ ಅಂದ್ರೆ ಯಾವ ಕಾಲ ಅಂತ ಕೇಳಬೇಡ ಮಗಾ, ಅದು ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅವಳ ಅಜ್ಜಿಗೂ ಗೊತ್ತಿರಲಿಲ್ಲ. ಅಂಥಾ ಕಾಲದಲ್ಲಿ ಒಂದು ಕುರಿಹಟ್ಟಿ ಇತ್ತಂತೆ. ಕಾಲು ಒಳಗೆ ಎಳ್ಕೋ, ಕಂಬಳಿ ಸರಿಯಾಗಿ ಹೊದ್ಕೋ, ಹೂಂ ಅಂತಿರು. ಗೋಡೆಗೆ ಕತೆ ಹೇಳೋಕೆ ನಂಗೇನು ಹುಚ್ಚಾ?

ಆ ಹಟ್ಟೀಲಿ ಒಬ್ಬಳು ಮುದುಕಿ, ಅವಳಿಗೆ ಮೂವರು ಮಕ್ಕಳು. ದೊಡ್ಡವನು ಕಾಟಯ್ಯ, ನಡುವಿನವನು ಪಾಲಯ್ಯ, ಕೊನೇ ಮಗಳು ಬೋರಕ್ಕ. ಅಣ್ಣಂದಿರಿಬ್ಬರೂ ಕುರಿ ಕಾಯೋರು. ಬೋರಕ್ಕನ್ನ ದೂರದ ಇನ್ನೊಂದು ಹಟ್ಟಿಗೆ ಕೊಟ್ಟಿದ್ರಂತೆ, ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದಿದ್ದಳಂತೆ, ಮುತ್ತಿನಂಥಾ ಹೆಣ್ಣುಕೂಸು ಹುಟ್ಟಿತ್ತಂತೆ. ಹೆಸರು ಕೂಡ ಇಟ್ಟಿರಲಿಲ್ಲ, ಎಲ್ಲರೂ ಕೂಸು ಕೂಸು ಅಂತಲೇ ಕರೆಯೋರು. ಬೋರಕ್ಕನೋ, ಆ ಕೂಸನ್ನ ಕೆಳಗೆ ಬಿಟ್ರೆ ತಾನೇ? ನೆತ್ತಿಗೆ ಹರಳೆಣ್ಣೆ ತಟ್ಟೋದೇನು, ಬಜೆ ತೇದು ನೆಕ್ಕಿಸೋದೇನು, ಗಲ್ಲಕ್ಕೆ ದೃಷ್ಟಿಬೊಟ್ಟು ಇಡೋದೇನು. ಲೋಕದಲ್ಲಿ ಇನ್ಯಾರೂ ಹೆತ್ತೇ ಇಲ್ಲ ಅನ್ನೋ ಹಂಗೆ ಆಡ್ತಾಳಲ್ಲಪ್ಪಾ ಅಂತ ಅವಳವ್ವ ನಗೋಳಂತೆ.

ಹಟ್ಟಿ ಹಿಂದೆ ಒಂದು ಬೋಳುಗುಡ್ಡ, ಗುಡ್ಡದ ತಲೇಲಿ ಒಂದು ಗವಿ, ಆ ಗವೀಲಿ ಕಲ್ತೊಗಲ ಅಂತ ಒಬ್ಬ ರಾಕ್ಷಸ ಇದ್ದನಂತೆ. ಅವನ ಮೈ ತೊಗಲು ಬಂಡೆ ಹಂಗೆ. ಈಟಿ ಚುಚ್ಚಿದ್ರೆ ಈಟಿನೇ ಬಗ್ಗೋದು, ಕೊಡಲಿ ಬೀಸಿದ್ರೆ ಕೊಡಲಿ ಬಾಯೇ ಮುರಿಯೋದು. ಅವನು ಎಳೇ ಮಕ್ಕಳನ್ನ ಎತ್ಕೊಂಡು ಹೋಗೋನು. ತಿನ್ನೋಕಲ್ಲ ಮಗಾ, ತಿಂದಿದ್ರೆ ಒಂದೇ ಸಲಕ್ಕೆ ಮುಗೀತಿತ್ತು. ಮಡಿಲಲ್ಲಿ ಕೂರಿಸ್ಕೊಂಡು ಅವು ಅಳೋದನ್ನ ಕೇಳ್ತಾ ಕೂರೋನಂತೆ, ಮಗು ಅತ್ರೇನೇ ಅವನಿಗೆ ಸುಖ. ಅವನ ಮಡಿಲಲ್ಲಿ ಕೂತ ಮಗು ಪಾದದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪಾನೇ ಕಲ್ಲಾಗ್ತಾ ಬರೋದು. ತುಟಿವರೆಗೂ ಕಲ್ಲಾಗಿ ಅಳು ನಿಂತ ಮೇಲೆ ಅದನ್ನ ಗವಿ ಮೂಲೇಲಿಟ್ಟು, ಇನ್ನೊಂದು ಕೂಸು ಹುಡುಕ್ಕೊಂಡು ಇಳಿದು ಬರೋನಂತೆ.

ಒಂದಿನ ಮಧ್ಯಾಹ್ನ ಗಂಡಸರೆಲ್ಲ ಕುರಿ ಹೊಡ್ಕೊಂಡು ಹೋಗಿದ್ರು, ಮುದುಕಿ ನೀರಿಗೆ ಹೋಗಿದ್ದಳು. ಬೋರಕ್ಕ ಬಿಸಿಬಿಸಿ ನೀರು ಹಾಕಿಸ್ಕೊಂಡು, ಸಾಂಬ್ರಾಣಿ ಹೊಗೆ ತಗೊಂಡು, ಹಂಗೇ ಒಂದು ಗಳಿಗೆ ಕಣ್ಣು ಮುಚ್ಚಿದಳಂತೆ. ಬಾಣಂತಿ ಅಲ್ವಾ, ನಿದ್ದೆ ಎಳೀತು. ಆಮೇಲೆ ಕಣ್ಣು ಬಿಟ್ಟು ನೋಡ್ತಾಳೆ, ತೊಟ್ಟಿಲು ತೂಗ್ತಾನೇ ಇದೆ, ಒಳಗೆ ಕೂಸಿಲ್ಲ. ಗುಡ್ಡದ ಮೇಲಿಂದ ಅಳು ಕೇಳಿಸ್ತಿದೆ. ಅಯ್ಯೋ ನನ್ನ ಕರುಳೇ ಅಂತ ಎದೆ ಎದೆ ಬಡ್ಕೊಂಡಳಂತೆ ಬೋರಕ್ಕ, ಹಟ್ಟಿ ಹಟ್ಟಿನೇ ಓಡಿ ಬಂತಂತೆ. ಬಂದು ಮಾಡೋದೇನು? ಎಲ್ಲರೂ ಗುಡ್ಡದ ಕಡೆ ನೋಡ್ಕೊಂಡು ತಲೆ ಮೇಲೆ ಕೈ ಹೊತ್ತು ಕೂತರು.

ಆಗ ಅವಳವ್ವ ಹೇಳಿದಳಂತೆ, ಗುಡ್ಡದ ನಡುವೆ ಹುತ್ತದ ಪಕ್ಕ ಒಬ್ಬಳು ಮುದುಕಿ ಇದ್ದಾಳೆ, ಹುತ್ತದಜ್ಜಿ ಅಂತ, ಅವಳಿಗೆ ಮಂತ್ರ ಗೊತ್ತು, ಹೋಗಿ ಕಾಲು ಹಿಡೀರಿ ಅಂತ. ನಾನೇ ಹೋಗ್ತೀನಿ ಅಂತ ಬೋರಕ್ಕ ಎದ್ದಳು. ಬಾಣಂತಿ ಹೊಸಿಲು ದಾಟಬಾರದು, ಗಾಳಿ ಸೋಕಿದ್ರೆ ಸನ್ನಿ ಹಿಡಿಯುತ್ತೆ, ಸೋದರಮಾವಂದಿರು ಇಬ್ಬರು ಗಟ್ಟಿಮುಟ್ಟಾಗಿ ಇರುವಾಗ ನಿನಗ್ಯಾಕೆ ಅಂತ ಎಲ್ಲರೂ ಹಿಡಿದು ಕೂರಿಸಿದರಂತೆ. ಕೂತಳು ಪಾಪ. ಎದೇಲಿ ಹಾಲು ಕಟ್ಟಿ ಕಲ್ಲಾಗಿ ನೋಯ್ತಿದೆ, ಗುಡ್ಡದ ಮೇಲೆ ಕೂಸು ಅಳ್ತಿದೆ, ಅದು ಅತ್ತಾಗೆಲ್ಲ ಇಲ್ಲಿ ಸೆರಗು ಒದ್ದೆ ಆಗ್ತಿತ್ತಂತೆ.

ಮೊದಲು ಕಾಟಯ್ಯ ಹೊರಟ. ಅವನ ಹತ್ರ ಒಂದು ಕರಿ ಟಗರಿತ್ತು, ಅದು ಗುದ್ದಿದ್ರೆ ಕುರಿ ಕೂಡೋ ರೊಪ್ಪದ ಕಲ್ಲುಗೋಡೆ ಬೀಳೋದಂತೆ. ಅದನ್ನ ಹಿಡ್ಕೊಂಡು ಹುತ್ತದಜ್ಜಿ ಹತ್ರ ಹೋದ. ಅಜ್ಜಿ ಅಂದಳಂತೆ, ನೋಡಪ್ಪಾ, ಕಬ್ಬಿಣಕ್ಕೆ, ಕಲ್ಲಿಗೆ, ಮರಕ್ಕೆ ಅವನು ಸಾಯಲ್ಲ. ಜೀವದ ಜೊತೆ ಬೆಳೆದಿದ್ದಕ್ಕೆ ಮಾತ್ರ ಅವನ ತೊಗಲು ಹರಿಯೋದು, ಹಲ್ಲು, ಉಗುರು, ಕೊಂಬು. ಅದಕ್ಕೆ ನಾನು ಮಂತ್ರ ಊದ್ತೀನಿ. ಒಂದು ಸಲಕ್ಕೆ ನನ್ನ ಮಂತ್ರ ಇರೋದು ಒಂದು ಬೊಗಸೆ, ಒಂದು ಕಡೆ ಹಾಕಿದ್ರೆ ಒಂದು ಬೊಗಸೆ, ಹತ್ತು ಕಡೆ ಹಾಕಿದ್ರೆ ಹತ್ತು ಹನಿ, ಮೇಲೆ ಇನ್ನೊಂದು ಸಲ ಊದಿದ್ರೆ ಕೂಡೋದಿಲ್ಲ, ತಿಳ್ಕೋ. ಒಂದು ಮುದ್ದೆ ಬೇಯೋ ಹೊತ್ತು ಇರುತ್ತೆ, ಆಮೇಲೆ ಹೋಗುತ್ತೆ. ಈಗ ಆ ಕೊಂಬಿನ ಮೇಲಿರೋ ಹಿತ್ತಾಳೆ ತೆಗಿ ಅಂದಳು.

ಇದೊಂದು ಆಗಲ್ಲ ಅಂದ ಕಾಟಯ್ಯ. ಯಾಕೆ ಅಂತೀಯಾ? ಆ ಹಟ್ಟಿ ಪದ್ಧತಿ ಹಂಗಿತ್ತು. ಒಳ್ಳೇ ಟಗರಿಗೆ ದೇವರ ಮುಂದೆ ನಿಲ್ಲಿಸಿ ಕೊಂಬಿನ ತುದಿಗೆ ಹಿತ್ತಾಳೆ ಅಣಸು ತೊಡಿಸೋರು, ಒಂದು ಸಲ ತೊಡಿಸಿದ್ರೆ ಅದು ಸಾಯೋತನಕ ತೆಗೆಯಂಗಿಲ್ಲ. ತೆಗೆದ್ರೆ ದೇವರಿಗೆ ಅವಮಾನ, ಮನೆತನದ ಮರ್ಯಾದೆ ಹೋಯ್ತು ಅಂತ. ಅಜ್ಜಿ ಎಷ್ಟು ಹೇಳಿದ್ರೂ ಕೇಳಲಿಲ್ಲ, ಹಂಗೇ ಊದು ಅಂದ. ಅಜ್ಜಿ ಊದಿದಳು, ಹಿತ್ತಾಳೆ ಫಳಫಳ ಅಂತು. ಕಾಟಯ್ಯ ಹಿಗ್ಗಿಹೋದ, ಟಗರನ್ನ ಓಡಿಸ್ಕೊಂಡು ಗವಿಗೆ ಹೋದ, ಟಗರು ಹಿಂದಕ್ಕೆ ಸರಿದು ಸರಿದು ಓಡಿ ಬಂದು ಕಲ್ತೊಗಲನ ಎದೆಗೆ ಗುದ್ದಿತು. ಠಣ್! ಮಂತ್ರ ಕೂತಿದ್ದು ಅಣಸಿನ ಮೇಲೆ, ಕೊಂಬಿನ ಮೇಲಲ್ಲ. ಹಿತ್ತಾಳೆ ಒಡೆದು ಚೂರಾಯ್ತು, ಅದರ ಜೊತೆ ಒಂದು ಕೊಂಬೂ ಮುರೀತು. ಟಗರನ್ನ ಹೆಗಲ ಮೇಲೆ ಹೊತ್ಕೊಂಡು ಕಾಟಯ್ಯ ಇಳಿದು ಬಂದ. ಕೂಸು ಹೆಂಗಿದೆ ಅಣ್ಣಾ ಅಂತ ಬೋರಕ್ಕ ಕೇಳಿದ್ರೆ ನೆಲ ನೋಡ್ಕೊಂಡು, ಮಂಡಿತನಕ ಕಲ್ಲಾಗಿದೆ ತಾಯಿ ಅಂದನಂತೆ.

ಎರಡನೇ ಸಲ ಪಾಲಯ್ಯ ಹೊರಟ. ಅವನ ಹತ್ರ ಕೆಂಚ ಅಂತ ಒಂದು ನಾಯಿ, ತೋಳನ ಗಂಟಲು ಹಿಡಿದ್ರೆ ಬಿಡ್ತಿರಲಿಲ್ಲ. ಪಾಲಯ್ಯ ತುಂಬಾ ನ್ಯಾಯಸ್ಥ, ಹಟ್ಟೀಲಿ ಏನೇ ಪಾಲು ಮಾಡಬೇಕಾದ್ರೂ ಅವನನ್ನೇ ಕರೆಯೋರು. ಮಾಂಸ ಹಂಚಿದ್ರೂ ಅಷ್ಟೇ, ಉಣ್ಣೆ ಹಂಚಿದ್ರೂ ಅಷ್ಟೇ, ಒಂದು ಎಳೆ ಹೆಚ್ಚಿಲ್ಲ ಒಂದು ಎಳೆ ಕಮ್ಮಿ ಇಲ್ಲ. ಅಜ್ಜಿ ಅವನಿಗೂ ಅದೇ ಮಾತು ಹೇಳಿದಳಂತೆ. ಬೊಗಸೆ ಮಂತ್ರ ಇದೆ, ಒಂದು ಕೋರೆಹಲ್ಲು ತೋರಿಸು, ಅದಕ್ಕೆ ಹಾಕ್ತೀನಿ ಅಂತ. ಇವನ ಹುಟ್ಟುಗುಣ ಬಿಡುತ್ತಾ? ಒಂದು ಹಲ್ಲಿಗೆ ಯಾಕಜ್ಜಿ, ರಾಕ್ಷಸನ ಮೇಲೆ ಬಿದ್ದಾಗ ಯಾವ ಹಲ್ಲು ತಾಗುತ್ತೋ ಯಾವ ಉಗುರು ತಾಗುತ್ತೋ, ಎಲ್ಲಕ್ಕೂ ಸಮವಾಗಿ ಹಾಕು ಅಂದ. ಹಾಕಿದಳು ಅಜ್ಜಿ, ನಾಯಿ ಬಾಯಿ ಹಿಡಿದು ಹಲ್ಲು ಹಲ್ಲಿಗೂ, ಪಾದ ಎತ್ತಿ ಉಗುರು ಉಗುರಿಗೂ. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರಲ್ಲ, ಅದು ಪಾಲಯ್ಯನ ತಲೆಗೆ ಹೊಳೀಲಿಲ್ಲ.

ಕೆಂಚ ಹೋಗಿ ಕಲ್ತೊಗಲನ ಮೇಲೆ ಬಿತ್ತು. ಕಚ್ಚಿತು, ಪರಚಿತು, ಪಾಪ ಅದರ ಕೈಲಾದಷ್ಟೂ ಮಾಡಿತು. ರಾಕ್ಷಸನಿಗೆ ಜಾಲಿಮುಳ್ಳು ಗೀರಿದಷ್ಟು ಗಾಯ ಆಯ್ತಂತೆ, ಅವನು ಅಲ್ಲಲ್ಲಿ ಕೆರ್ಕೊಂಡು ನಕ್ಕನಂತೆ. ಪಾಲಯ್ಯ ನಾಯಿ ಕರ್ಕೊಂಡು ಮತ್ತೆ ಅಜ್ಜಿ ಹತ್ರ ಓಡಿ ಬಂದು, ಅದರ ಮೇಲೇ ಇನ್ನೊಂದು ಸುತ್ತು ಊದು ಅಂದ. ಕೂಡೋದಿಲ್ಲ ಅಂತ ಹೇಳಿದೆನಲ್ಲೋ ಅಂದ್ರೂ ಕೇಳಲಿಲ್ಲ, ಊದಿಸಿದ. ನೆಂದ ಬಟ್ಟೆ ಮೇಲೆ ನೀರು ಹಾಕಿದ್ರೆ ಇನ್ನೆಷ್ಟು ನೆನೆಯುತ್ತೆ? ಎರಡನೇ ಸಲಾನೂ ಅದೇ ಮುಳ್ಳುಗೀರು. ಈ ಸಲ ಕಲ್ತೊಗಲ ಒದ್ದ, ಕೆಂಚನ ಕಾಲು ಮುರೀತು. ಕುಂಟ್ಕೊಂಡು ಬಂದ ನಾಯಿ ಬೋರಕ್ಕನ ಕಾಲ ಹತ್ರ ಬಿದ್ಕೊಂಡು ತಲೆ ಎತ್ತಲೇ ಇಲ್ಲವಂತೆ. ಪಾಲಯ್ಯ ಹೆಂಗಸರ ಹಂಗೆ ಬಿಕ್ಕಿ ಬಿಕ್ಕಿ ಅತ್ತ. ಕಲ್ಲು ಸೊಂಟದ ಮೇಲೆ ಬಂದಿದೆ ಬೋರೀ, ಕೈ ಇನ್ನೂ ಆಡಿಸ್ತಿದೆ ಅಂದ. ಗಂಡಸರು ಅಳಬಾರದಾ ಅಂತ ಕೇಳ್ತೀಯಾ? ಅಳಬೇಕು ಮಗಾ, ಅಂಥಾ ಹೊತ್ತಲ್ಲಿ ಅಳದಿದ್ದೋನು ಮನುಷ್ಯನಾ?

ಆಮೇಲೆ ಬೋರಕ್ಕ ಎದ್ದಳಂತೆ. ಕಿವಿಗೆ ಕಟ್ಟಿದ್ದ ಬಟ್ಟೆ ಬಿಗಿ ಮಾಡ್ಕೊಂಡಳು, ಹೊಸಿಲು ದಾಟಿದಳು. ಅವಳವ್ವ ಅಡ್ಡ ಬಂದು, ನೀನೂ ಹೋದ್ರೆ ನಂಗ್ಯಾರೇ ಅಂದಳು. ಬೋರಕ್ಕ ಅಂದಳಂತೆ, ನಂಗೆ ನೀನು ಅವ್ವ ಆದ ಹಂಗೆ ಆ ಕೂಸಿಗೆ ನಾನು ಅವ್ವ ಅಲ್ವಾ, ದಾರಿ ಬಿಡು ಅಂತ. ಮುದುಕಿ ದಾರಿ ಬಿಟ್ಟಳು.

ಹುತ್ತದಜ್ಜಿ ಅವಳನ್ನ ಮೇಲಿಂದ ಕೆಳಗೆ ನೋಡಿ, ಏನೇ ತಂದಿದ್ದೀಯಾ, ಕೊಂಬಿದೆಯಾ ಕೋರೆಯಿದೆಯಾ ಅಂದಳಂತೆ. ಬೋರಕ್ಕ ಎರಡೂ ಕೈ ಚಾಚಿದಳು. ಅಜ್ಜಿ ಅಂದಳು, ಇದು ಹೇನು ಕುಕ್ಕೋ ಉಗುರು ಕಣೇ. ಇರಬಹುದು, ಜೀವದ ಜೊತೆ ಬೆಳೆದಿದೆ ಅಲ್ವಾ ಅಂದಳು ಬೋರಕ್ಕ. ಅದಕ್ಕೆ ಅಜ್ಜಿ, ಹಸೀ ಬಾಣಂತಿ ನೀನು, ಹತ್ತು ಹೆಜ್ಜೆಗೆ ಕೂತ್ಕೋತೀಯಾ, ಗವಿ ತಲುಪೋ ಹೊತ್ತಿಗೆ ಮುದ್ದೆ ಬೆಂದು ಆರಿ ಹೋಗಿರುತ್ತೆ, ಮಂತ್ರ ಎಲ್ಲಿ ಉಳಿಯುತ್ತೆ ಅಂದಳು. ಮತ್ತೇನು ದಾರಿ ಅಂತ ಕೇಳಿದ್ದಕ್ಕೆ, ಒಂದೇ ದಾರಿ, ಜೀವ ಇರೋತನಕ ಇರೋ ಹಂಗೆ ಊದಬೇಕು, ಹಂಗೆ ಊದಿದ್ರೆ ನಾನೂ ತೆಗೆಯೋಕಾಗಲ್ಲ, ದೇವರೂ ತೆಗೆಯೋಕಾಗಲ್ಲ. ಕೂಸು ಸಾಕಬೇಕಾದ ಕೈ ಅದು, ಯೋಚನೆ ಮಾಡು ಅಂದಳಂತೆ.

ಮೇಲೆ ಕೂಸಿನ ಅಳು ಸಣ್ಣದಾಗ್ತಾ ಇದೆ. ಬೋರಕ್ಕ ಎರಡೂ ಕೈ ಮುಂದೆ ಹಿಡ್ಕೊಂಡು ಬೆರಳು ಬೆರಳೂ ನೋಡಿದಳಂತೆ. ಈ ಹೆಬ್ಬೆರಳಿಗೆ ಹಾಕಿಸಿದ್ರೆ ನೆತ್ತಿಗೆ ಎಣ್ಣೆ ತಟ್ಟೋದು ಹೆಂಗೆ, ಈ ತೋರುಬೆರಳಿಗಾದ್ರೆ ಬಜೆ ನೆಕ್ಕಿಸೋದು ಹೆಂಗೆ, ಈ ಉಂಗುರದ ಬೆರಳಿಗಾದ್ರೆ ದೃಷ್ಟಿಬೊಟ್ಟು ಇಡೋರು ಯಾರು, ಬಲಗೈ ಪೂರ್ತಿ ಬೇಕು, ಅನ್ನ ಕಲಸಿ ತಿನ್ನಿಸಬೇಕಲ್ಲ. ಹಂಗೇ ನೋಡ್ತಾ ನೋಡ್ತಾ ಎಡಗೈ ಕಿರುಬೆರಳಿಗೆ ಬಂದು ನಿಂತಳು. ಇದು ಅಜ್ಜಿ, ಇದೊಂದಕ್ಕೆ, ನಿನ್ನ ಬೊಗಸೇಲಿ ಇರೋದೆಲ್ಲಾ ಇದೊಂದಕ್ಕೇ ಹಾಕು, ಮಿಕ್ಕ ಬೆರಳೆಲ್ಲಾ ನನ್ನ ಕೂಸಿಗಿರಲಿ ಅಂದಳು. ಅಜ್ಜಿ ಕಣ್ಣಲ್ಲಿ ನೀರು ಬಂತಂತೆ, ಆ ಬೆರಳು ಹಿಡಿದು ಕಣ್ಣಿಗೊತ್ತಿಕೊಂಡು ಊದಿದಳಂತೆ.

ಉಗುರು ನೋಡೋಕೆ ಹೆಂಗಿತ್ತೋ ಹಂಗೇ ಇತ್ತು, ಹೊಳಪಿಲ್ಲ, ಬಣ್ಣ ಇಲ್ಲ. ನಿಜಾನಾ ಅಂತ ಬೋರಕ್ಕ ಹಲ್ಲು ಕಚ್ಚಿ ಪಕ್ಕದ ಬಂಡೆಗೆ ಬೀಸಿ ಒಂದು ಗೀರು ಎಳೆದಳು. ಬಂಡೆ ಎರಡು ಹೋಳಾಯ್ತು. ಬೋರಕ್ಕ ತನ್ನ ಕೈಗೆ ತಾನೇ ಹೆದರಿದಳು. ತಕ್ಷಣ ಆ ಬೆರಳು ಮಡಿಚಿ ಅಂಗೈಯೊಳಗೆ ಇಟ್ಕೊಂಡಳಂತೆ.

ಕೂತು, ಎದ್ದು, ತೆವಳಿ, ಅಂತೂ ಗವಿ ಹತ್ತಿದಳು. ಕಲ್ತೊಗಲ ಒಳಗೆ ಕೂತಿದ್ದಾನೆ, ಮಡಿಲಲ್ಲಿ ಕೂಸು, ಕತ್ತಿನತನಕ ಕಲ್ಲಾಗಿದೆ. ಮುಖ ಒಂದೇ ಉಳಿದಿದೆ, ಅಳು ನಿಂತುಹೋಗಿ ಬರೀ ತುಟಿ ಅದುರ್ತಿದೆ. ಸುತ್ತ ಮೂಲೇಲೆಲ್ಲಾ ಸಾಲು ಸಾಲು ಕಲ್ಲು ಕೂಸುಗಳು. ಯಾರೇ ಅದು, ಹಾಲಿನ ವಾಸನೆ ಬರ್ತಿದೆ ಅಂದನಂತೆ ಅವನು. ಇದರ ಅವ್ವ ನಾನು ಅಂದಳು. ಈಟಿ ತಂದಿದ್ದೀಯಾ ಅಂದ, ಇಲ್ಲ ಅಂದಳು. ಟಗರು ತಂದಿದ್ದೀಯಾ ಅಂದ, ಇಲ್ಲ ಅಂದಳು. ನಾಯಿ ಗೀಯಿ ಅಂದ, ಯಾವುದೂ ಇಲ್ಲ, ಬರಿಗೈಲಿ ಬಂದಿದ್ದೀನಿ, ಕೂಸಿನ ತುಟಿ ಒಣಗಿದೆ, ಅದು ಕಲ್ಲಾಗೋ ಮುಂಚೆ ಒಂದು ತೊಟ್ಟು ಹಾಲು ಕುಡಿಸ್ತೀನಿ, ಬಿಡು ಅಂದಳು. ರಾಕ್ಷಸ ಯೋಚನೆ ಮಾಡಿದ. ಹಾಲು ಕುಡಿದ್ರೆ ಗಂಟಲು ಬಿಟ್ಟು ಇನ್ನೊಂದು ಗಳಿಗೆ ಜೋರಾಗಿ ಅಳುತ್ತೆ, ಕೇಳಬಹುದು ಅಂತ ಆಸೆ ಆಯ್ತು. ಬಾ ಅಂದ.

ಬಂದಳು. ಬಾಗಿದಳು. ಬಲಗೈಲಿ ಕೂಸಿನ ಮುಖ ಮುಚ್ಚಿಕೊಂಡಳು, ಎಡಗೈ ಕಿರುಬೆರಳು ಬಿಚ್ಚಿದಳು, ಹೊಟ್ಟೇಲಿದ್ದ ಬೆಂಕಿ ಎಲ್ಲಾ ಆ ಒಂದು ಉಗುರಿಗೆ ತಂದು ಅವನ ಗಂಟಲಿಂದ ಹೊಕ್ಕುಳತನಕ ಒಂದೇ ಒಂದು ಏಟು ಎಳೆದಳಂತೆ. ಬಂಡೆ ತೊಗಲು ಬಾಳೆಲೆ ಹಂಗೆ ಸೀಳಿಹೋಯ್ತು. ಒಳಗೆ ರಕ್ತ ಇಲ್ಲ ಮಾಂಸ ಇಲ್ಲ, ಬರೀ ಒಣ ಮರಳು, ಸರಸರ ಅಂತ ಸುರಿಯೋಕೆ ಶುರುವಾಯ್ತು. ಬರಿಗೈ ಅಂದೆಯಲ್ಲೇ ಅಂತ ಕೇಳಿದನಂತೆ ಅವನು. ಬರಿಗೈಯೇ ಕಣೋ, ಸರಿಯಾಗಿ ನೋಡು ಅಂದಳಂತೆ ಬೋರಕ್ಕ. ಅವನು ನೋಡ್ತಾ ನೋಡ್ತಾನೇ ಮರಳಾಗಿ ಬಿದ್ದುಹೋದ.

ಅವನು ಬಿದ್ದಿದ್ದೇ ತಡ, ಕೂಸಿನ ಕತ್ತು ಬೆಚ್ಚಗಾಯ್ತು, ಎದೆ ಮೆತ್ತಗಾಯ್ತು, ಕಾಲು ಝಾಡಿಸ್ತು. ಮೂಲೇಲಿದ್ದ ಕಲ್ಲು ಕೂಸುಗಳೂ ಒಂದೊಂದಾಗಿ ಕಣ್ಣು ಬಿಟ್ಟು ಒಟ್ಟಿಗೇ ಕಿರುಚ್ಕೊಂಡವಂತೆ. ಯಾವ ಕೂಸನ್ನ ಮೊದಲು ಎತ್ತಿಕೊಳ್ಳೋದು ಅಂತ ಬೋರಕ್ಕನಿಗೆ ಗೊತ್ತಾಗಲಿಲ್ಲ. ಗವಿ ಬಾಯಲ್ಲಿ ನಿಂತು ಅಣ್ಣಾ ಅಂತ ಕೂಗಿದಳು, ಕೆಳಗಿಂದ ಕಾಟಯ್ಯ, ಪಾಲಯ್ಯ, ಹಟ್ಟಿಯ ಹೆಂಗಸರು ಗಂಡಸರು ಎಲ್ಲಾ ಓಡೋಡಿ ಬಂದು ಅವರವರ ಮಕ್ಕಳನ್ನ ಎತ್ಕೊಂಡು ಇಳಿದರಂತೆ.

ಇಲ್ಲಿಗೆ ಮುಗೀತು ಅಂದ್ಕೊಂಡ್ಯಾ? ಇಲ್ಲ. ಕೂಸಿಗೆ ಹಾಲಮ್ಮ ಅಂತ ಹೆಸರಿಟ್ಟರು, ಬೋರಕ್ಕ ಗಂಡನ ಹಟ್ಟಿಗೆ ಹೋದಳು, ಮನೆ ತುಂಬಾ ಕುರಿ ಆಯ್ತು, ಗಂಡ ಒಳ್ಳೇವನು. ಆದ್ರೆ ಅವಳಿಗೆ ಸುಖ ಇರಲಿಲ್ಲ. ಎಡಗೈ ಕಿರುಬೆರಳಿಗೆ ಬಟ್ಟೆ ಸುತ್ತಿ, ಬಟ್ಟೆ ಮೇಲೆ ತೊಗಲು ಸುತ್ತಿ, ದಾರ ಬಿಗಿದು ಕಟ್ಟಿದ್ದಳಂತೆ. ಮಗಳನ್ನ ಎತ್ತುವಾಗಲೂ ಬಲಗೈಲೇ, ತಲೆ ಬಾಚುವಾಗಲೂ ಬಲಗೈಲೇ. ಎಡಗೈ ಯಾವಾಗಲೂ ಬೆನ್ನ ಹಿಂದೆ. ಬಂಡೆ ಹೋಳಾಗಿದ್ದು ಅವಳ ಕಣ್ಣಿಂದ ಹೋಗಿರಲಿಲ್ಲ ಮಗಾ. ಹಾಲಮ್ಮ ನಡೆಯೋ ಹಂಗಾದಳು, ಮಾತಾಡೋ ಹಂಗಾದಳು, ಬೇಕು ಅಂತಲೇ ಅವ್ವನ ಎಡಗಡೆ ಬಂದು ನಿಲ್ಲೋಳು, ಅವ್ವ ಈ ಕಡೆ ಬಾ ಅಂತ ಬಲಗಡೆಗೆ ಎಳ್ಕೊಳ್ಳೋಳು. ಆ ಕೈ ನಂಗ್ಯಾಕೆ ಕೊಡಲ್ಲ ನೀನು, ಅದು ಯಾರಿಗಿಟ್ಟಿದ್ದೀಯಾ ಅಂತ ಕೇಳೋಳಂತೆ. ಏನು ಹೇಳ್ತಾಳೆ ಬೋರಕ್ಕ? ಅದಕ್ಕೆ ನೋವಾಗಿದೆ ಕಣೇ ಅನ್ನೋಳು, ಒಳಗೆ ಹೋಗಿ ಅಳೋಳು.

ಹಿಂಗೇ ಒಂದು ಆಷಾಢ ಬಂತು. ಹೆಣ್ಣುಮಕ್ಕಳೆಲ್ಲಾ ಗೋರಂಟಿ ಅರೆದು ಕೈಗೆ ಹಚ್ಕೊಳ್ತಿದ್ರು. ಬೋರಕ್ಕ ಉಣ್ಣೆ ನೂತು ನೂತು ಸಾಕಾಗಿ ಬಾಗಿಲ ಹತ್ರ ಗೋಡೆಗೊರಗಿ ಹಂಗೇ ಮಂಪರಿಗೆ ಜಾರಿದಳಂತೆ. ಏನೋ ತಣ್ಣಗೆ ತಾಗಿದ ಹಂಗಾಗಿ ಕಣ್ಣು ಬಿಟ್ಟು ನೋಡ್ತಾಳೆ, ತೊಗಲು ಅಲ್ಲಿ ಬಿದ್ದಿದೆ, ಬಟ್ಟೆ ಇಲ್ಲಿ ಬಿದ್ದಿದೆ. ಹಾಲಮ್ಮ ಎದುರಿಗೆ ಕಾಲು ಮಡಿಚಿ ಕೂತು, ಆ ಕಿರುಬೆರಳನ್ನ ತನ್ನ ಪುಟ್ಟ ಮುಷ್ಟೀಲಿ ಬಿಗಿಯಾಗಿ ಹಿಡ್ಕೊಂಡು, ನಾಲಿಗೆ ಹೊರಗೆ ಹಾಕ್ಕೊಂಡು, ಆ ಉಗುರಿಗೆ ಗೋರಂಟಿ ಮೆತ್ತಾ ಇದ್ದಾಳೆ.

ಕೈ ಎಳ್ಕೊಂಡ್ರೆ ಉಗುರು ತಾಗಿಬಿಡುತ್ತೆ, ಎಳ್ಕೊಳ್ಳದಿದ್ರೆ ಅವಳು ಹಿಡ್ಕೊಂಡಿದ್ದಾಳೆ. ಅಯ್ಯೋ ಬಿಡೇ, ಬಿಡೇ ನನ್ನವ್ವಾ ಅಂದಳು ಬೋರಕ್ಕ. ಅಲ್ಲಾಡಬೇಡ, ಗೋರಂಟಿ ಕೆಡುತ್ತೆ ಅಂತ ಮಗಳು ಬೈದಳಂತೆ, ಬೈದು ಆ ಬೆರಳನ್ನ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳಂತೆ. ಉಗುರು ಕೆನ್ನೆ ಮೇಲೆ ಹಂಗೇ ಇದೆ. ಗೀರಿಲ್ಲ, ರಕ್ತ ಇಲ್ಲ, ಏನೂ ಇಲ್ಲ.

ಆಗ ಬೋರಕ್ಕನಿಗೆ ತಿಳೀತಂತೆ. ಅಜ್ಜಿ ಊದಿದ್ದು ಉಗುರಿಗಲ್ಲ, ಉಗುರಿನ ಏಟಿಗೆ. ಏಟು ಹಾಕೋ ಮನಸ್ಸಿದ್ರೆ ಅದು ಆಯುಧ, ಇಲ್ಲದಿದ್ರೆ ಎಲ್ಲಾ ಅವ್ವಂದಿರ ಉಗುರಿನ ಹಂಗೆ ಅದೂ ಒಂದು ಉಗುರು. ಮಗಳ ಮೇಲೆ ಅವಳಿಗೆ ಯಾವತ್ತು ಏಟಿನ ಮನಸ್ಸು ಬಂದಿತ್ತು? ಒಂದಿನಾನೂ ಬಂದಿರಲಿಲ್ಲ. ಸುಮ್ನೆ ಹೆದರ್ಕೊಂಡು, ಕೂಸಿನ ಕಾಲದಿಂದ ಇಲ್ಲಿತನಕ, ಎರಡೂ ಕೈ ಇದ್ದೂ ಮಗಳನ್ನ ಒಂದೇ ಕೈಲಿ ಸಾಕಿದ್ದಳು. ಎರಡೂ ಕೈಯಿಂದ ಬಾಚಿ ತಬ್ಕೊಂಡು ಹೋ ಅಂತ ಅತ್ತುಬಿಟ್ಟಳಂತೆ ಬೋರಕ್ಕ. ಹಾಲಮ್ಮನಿಗೆ ಉಸಿರು ಕಟ್ಟಿದ ಹಂಗಾಯ್ತು, ಆದ್ರೂ ಬಿಡು ಅನ್ನಲಿಲ್ಲ.

ಅವತ್ತು ಸಂಜೆ ಕುರಿ ಹೊಡ್ಕೊಂಡು ಬರೋಕೆ ಅವ್ವ ಮಗಳು ಹೋದರಂತೆ. ಹಾಲಮ್ಮ ಓಡಿ ಬಂದು ಎಡಗಡೆ ನಿಂತಳು, ಬೋರಕ್ಕ ಸುಮ್ನೆ ಆ ಕೈ ಕೊಟ್ಟಳು. ಅವರು ಕೈ ಹಿಡ್ಕೊಂಡು ಅವರ ದಾರೀಲಿ ಹೋದರು, ನನ್ನ ಕತೆ ಇಷ್ಟಕ್ಕೆ ಮುಗೀತು. ಮಲಗು ಮಗಾ.